ಅವರ ಪಾಲಿನ ಸುತ್ತು

ನನ್ನ ಗಂಡ ಹೋದ ಮೇಲೆ ಮಾತಾಡಿಸಲು ಬಂದವರಲ್ಲಿ ಹಲವರು ಒಂದೇ ಮಾತು ಕೇಳಿದರು. "ಅಷ್ಟು ನಡಿಸಿದ್ರಲ್ಲವಾ, ಏನು ಬಂತು?" ಸಾವಿನ ಮನೆಯಲ್ಲಿ ವಾದ ಮಾಡಬಾರದೆಂದು ನಾನು ಸುಮ್ಮನಿದ್ದೆ. ಅವರೆಲ್ಲ ದೂರದಿಂದ ಬಸ್ಸು ಹತ್ತಿ ಬಂದಿದ್ದರು. ಬಂದ ಮೇಲೆ ಏನಾದರೂ ಒಂದು ಕೇಳಲೇಬೇಕಾಗುತ್ತದೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಬಾದನಹಟ್ಟಿಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲೇ ಮಿಷನ್ ಹಾಕಿಕೊಂಡು ಜಂಪರು ಹೊಲಿಯುತ್ತೇನೆ. ನಮ್ಮವರು ಸಿರುಗುಪ್ಪದ ಒಂದು ಅಕ್ಕಿ ಮಿಲ್ಲಿನಲ್ಲಿ ಆಪರೇಟರ್ ಆಗಿದ್ದರು. ಬೀಡಿ ಸೇದುತ್ತಿದ್ದರು. ಒಂದು ವರ್ಷ ಹೊಸ ಭತ್ತ ಬರುವ ಹೊತ್ತಿಗೆ ರೊಟ್ಟಿ ಇಳಿಯುತ್ತಿಲ್ಲ ಎಂದರು. ರೊಟ್ಟಿ ಗಟ್ಟಿಯಾಗಿದೆ ಎಂದು ನನ್ನ ಮೇಲೆ ಹಾಕಿದರು. ಆಮೇಲೆ ಅನ್ನವೂ ನಿಂತಿತು. ಅನ್ನಕ್ಕೆ ನನ್ನನ್ನು ಬೈಯಲು ಆಗಲಿಲ್ಲ, ಅಕ್ಕಿ ಅವರ ಮಿಲ್ಲಿನದೇ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಬಾಯಿಂದ ಪೈಪು ಇಳಿಸಿ ನೋಡಿ, ಅನ್ನನಾಳದಲ್ಲಿ ಗಡ್ಡೆ ಇದೆ, ಕ್ಯಾನ್ಸರ್ ಎಂದರು. ಮೊದಲು ಇಂಜೆಕ್ಷನ್ನು, ಕರೆಂಟು, ಆಮೇಲೆ ಆಪರೇಷನ್ನು. ಕರೆಂಟು ಎಂದರೆ ರೇಡಿಯೇಷನ್ನು, ನಮ್ಮ ಕಡೆ ಹಾಗೇ ಅನ್ನುತ್ತಾರೆ. ಇಂಜೆಕ್ಷನ್ನು, ಕರೆಂಟು ಮುಗಿದಾಗ ಗಂಜಿ ಇಳಿಯತೊಡಗಿತು, ಆದರೆ ಮನುಷ್ಯ ಗೂಟಕ್ಕೆ ಹಾಕಿದ ಅಂಗಿಯ ಹಾಗೆ ಆಗಿದ್ದರು. ಡಾಕ್ಟರು ಅನಂತಪುರದ ಕಡೆಯವರು. ನಮ್ಮವರನ್ನು ಮೇಲಿಂದ ಕೆಳಗೆ ನೋಡಿ, "ಏಮಯ್ಯಾ, ಈಗ ಕೊಯ್ದರೆ ನೀನು ತಡೆಯಲ್ಲ. ಎದೆ ಬಿಚ್ಚಬೇಕು, ಹೊಟ್ಟೆ ಬಿಚ್ಚಬೇಕು. ಆರು ವಾರ ಟೈಮ್ ಕೊಡ್ತೀನಿ. ಮೈ ಕೂಡಿಸ್ಕೊಂಡು ಬಾ. ನಮ್ಮ ಆಸ್ಪತ್ರೆ ಮೆಟ್ಟಿಲು ನಿಲ್ಲದಂಗೆ ಮೂರನೇ ಅಂತಸ್ತಿಗೆ ಹತ್ತಿ ತೋರಿಸು. ಹತ್ತಿದರೆ ಆಪರೇಷನ್," ಎಂದರು.

"ಹತ್ತಲಿಲ್ಲಂದ್ರ?" ಎಂದು ನಾನು ಕೇಳಿದೆ.

"ಆಪರೇಷನ್ ಇಲ್ಲ," ಎಂದರು.

ಕೆಳಗಿನ ಕೋಣೆಯಲ್ಲಿ ಫಿಸಿಯೋಥೆರಪಿ ಹುಡುಗಿ ಇದ್ದಳು. ಮೂರು ಬಣ್ಣದ ಗುಂಡುಗಳಿದ್ದ ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ನಳಿಗೆಯಿಂದ ಉಸಿರು ಎಳೆದರೆ ಗುಂಡುಗಳು ಮೇಲಕ್ಕೆ ಏಳಬೇಕು. ದಿನಾ ಬೆಳಿಗ್ಗೆ ಸಂಜೆ ನಡೆಯಬೇಕು, ಏದುಸಿರು ಬರುವಷ್ಟು. ಆದರೆ ಮಾತಾಡಲು ಆಗುವಷ್ಟು. ಮೆತ್ತಗೆ ಬೇಯಿಸಿದ ಮೊಟ್ಟೆ ತಿನ್ನಬೇಕು. ಬೀಡಿ ಬಿಡಬೇಕು. ಆಪರೇಷನ್ನಿಗೆ ಮುಂಚೆ ಇದೆಲ್ಲ ಯಾಕೆಂದು ಅವಳು ವಿವರಿಸುತ್ತಿರುವಾಗಲೇ ನಮ್ಮವರು ತಡೆದರು.

"ತಿಳೀತು ಬಿಡವಾ. ಸೀಜನ್ ಸುರು ಆಗೂ ಮುಂಚೆ ನಾವು ಮಿಲ್ಲು ಬಿಚ್ಚಿ ಬೆಲ್ಟು ನೋಡ್ತೀವಿ, ಗ್ರೀಸ್ ಹಚ್ಚತೀವಿ. ಭತ್ತ ಬಂದ ಮ್ಯಾಲೆ ಬಿಚ್ಚಾಕ ಆಗಂಗಿಲ್ಲ."

"ಕರೆಕ್ಟು," ಎಂದಳು ಅವಳು.

ಡಬ್ಬಿ ಮನೆಗೆ ಬಂದ ದಿನ ಓಣಿಯವರೆಲ್ಲ ಒಂದೊಂದು ಸಲ ಎಳೆದು ನೋಡಿದರು. ನಮ್ಮವರಿಗೆ ಒಂದು ಗುಂಡು ಎದ್ದಿತು, ಎರಡನೆಯದು ಅಲುಗಾಡಿತು. ಎದುರುಮನೆಯ ಮುದುಕ ದಿನಕ್ಕೊಂದು ಕಟ್ಟು ಬೀಡಿ ಸೇದುವವನು, ಅವನು ಮೂರನ್ನೂ ಎಬ್ಬಿಸಿ, ಕಣ್ಣು ಮುಚ್ಚಿ, ಹಾಗೇ ನಿಲ್ಲಿಸಿದ. ನಳಿಗೆ ಬಾಯಿಂದ ತೆಗೆದು, "ಬೀಡಿಯಿಂದ ಏನೂ ಆಗಂಗಿಲ್ಲಲೇ, ಇದೆಲ್ಲ ಡಾಕ್ಟರ್ ಹೇಳೂ ಮಾತು," ಎಂದು ಒಂದು ಹಚ್ಚಿಕೊಂಡು ಹೋದ. ನಾನು ನಳಿಗೆಯನ್ನು ಕುದಿಯುವ ನೀರಿಗೆ ಹಾಕಿದೆ.

ನಡೆಯುವುದೇ ಕಷ್ಟವಾಯಿತು. ನಮ್ಮ ಕಡೆ ಜಡ್ಡಾದವನು ಮಲಗಿರಬೇಕು. ನೋಡಲು ಬಂದವರು ತಲೆಯ ಹತ್ತಿರ ಕೂತು ಹಣೆ ಮುಟ್ಟಿ, "ಎಷ್ಟು ಸೊರಗೀದಿಯೋ ಯಪ್ಪಾ," ಎನ್ನಬೇಕು. ಬ್ರೆಡ್ಡು, ಎಳನೀರು ಹಿಡಿದುಕೊಂಡು ಬಂದವರಿಗೆ ರೋಗಿ ಕಾಲುವೆ ದಂಡೆಯ ಮೇಲೆ ತಿರುಗಾಡಲು ಹೋಗಿದ್ದಾನೆ ಎಂದು ಹೇಳಿದರೆ ಅವರಿಗೆ ಬೇಜಾರಾಗುತ್ತದೆ. ಒಬ್ಬರು ಎಳನೀರು ವಾಪಸ್ ತೆಗೆದುಕೊಂಡು ಹೋದದ್ದೂ ಉಂಟು. ಇನ್ನು ಓಣಿಯ ಹೆಂಗಸರು ನನಗೆ ಕೇಳುವ ಹಾಗೆ, "ಅಂಥಾ ಜಡ್ಡಿನ ಮನಿಷ್ಯಾನ್ನ ಬಿಸಲಾಗ ಓಡ್ಯಾಡಸ್ತಾಳಲ್ಲೇ, ಒಂದು ಕೊಡ ನೀರು ಹೊರಸಿದ್ರ ಉಪಯೋಗನಾರ ಆಗ್ತಿತ್ತು," ಎನ್ನುತ್ತಿದ್ದರು.

ಕಾಲುವೆ ದಂಡೆಯ ಮೇಲೆ ಟ್ರ್ಯಾಕ್ಟರು ಓಡಾಡಿ ಗಾಲಿಯ ಗುಂಡಿ ಬಿದ್ದಿದ್ದವು. ಕಾಲು ಹೊರಳಿದರೆ ಎಂದು ಹೆದರಿ ನಾವು ಹನುಮಪ್ಪನ ಗುಡಿಗೆ ಬದಲಾಯಿಸಿದೆವು. ಗುಡಿಯ ಸುತ್ತ ಸಿಮೆಂಟು ಹಾಕಿದೆ, ಬೇವಿನ ನೆರಳಿದೆ, ದಣಿದರೆ ಕೂರಲು ಕಟ್ಟೆ ಇದೆ. ನಮ್ಮವರು ಸುತ್ತತೊಡಗಿದರು. ದೇವರ ಕಡೆ ನೋಡುತ್ತಲೂ ಇರಲಿಲ್ಲ. ಕಾಲಿನ ಕಡೆ ನೋಡುತ್ತಿದ್ದರು.

ಎರಡೇ ದಿನದಲ್ಲಿ ಊರಿಗೆಲ್ಲ ಸಮಾಧಾನವಾಯಿತು. ಇದು ಹರಕೆ. ಹರಕೆ ಎಂದ ಮೇಲೆ ಯಾರ ತಕರಾರೂ ಇಲ್ಲ. ಎಷ್ಟು ಸುತ್ತು ಎಂದು ನಾವು ಯಾರಿಗೂ ಹೇಳಿರಲಿಲ್ಲ. ಊರೇ ನಿರ್ಧರಿಸಿತು, ದಿನಕ್ಕೆ ನೂರಾ ಎಂಟು. ನಾನು "ಅಲ್ಲ, ಇದು ವ್ಯಾಯಾಮ," ಎಂದರೆ, "ಹರಕಿ ಬಾಯಿ ಬಿಟ್ಟು ಹೇಳಬಾರದು, ಗೊತ್ತೈತಿ ಬಿಡು," ಎಂದು ಅವರೇ ನನ್ನ ಬಾಯಿ ಮುಚ್ಚಿಸಿದರು. ಹರಕೆಯವರು ಮೊಟ್ಟೆ ತಿನ್ನಬಾರದು ಎಂದು ಅಂಗಡಿಯವನು ನಮಗೆ ಮೊಟ್ಟೆ ಕೊಡುವುದನ್ನು ನಿಲ್ಲಿಸಿದ. ನಾನು ಕುರುಗೋಡಿಗೆ ಹೋಗಿ ಜಂಪರಿನ ಬಟ್ಟೆಯ ಚೀಲದಲ್ಲಿ ತರತೊಡಗಿದೆ.

ಆ ವಾರ ಹಚ್ಚೊಳ್ಳಿಯಿಂದ ನನ್ನ ಗಂಡನ ಅಕ್ಕ ಬಂದರು. ನಾನೂ ಅವರನ್ನು ಅಕ್ಕ ಎಂದೇ ಕರೆಯುವುದು. ಅವರ ಗಂಡ ಬೇಗ ಹೋದವರು, ಮಕ್ಕಳಿಲ್ಲ. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು ಅವರೇ. ಚೀಲ ಇಳಿಸಿ, ತಮ್ಮನನ್ನು ನೋಡಿ, ಅಳದೆ, "ಹರಕಿ ಹೊತ್ತೀಯಂತ. ಎಷ್ಟು ಉಳದಾವು?" ಎಂದರು.

"ಹರಕಿ ಅಲ್ಲಬೇ," ಎಂದರು ನಮ್ಮವರು.

"ಹೂಂ, ಹೇಳಬ್ಯಾಡ," ಎಂದರು ಅಕ್ಕ.

ಮರುದಿನ ಬೆಳಿಗ್ಗೆ ಗುಡಿಗೆ ಹೋದಾಗ ತಮ್ಮ ಎರಡು ಸುತ್ತು ಹಾಕಿ ತೇಕುವುದನ್ನು ನೋಡಿ, ಅಕ್ಕ ಅವರ ರಟ್ಟೆ ಹಿಡಿದು ಕಟ್ಟೆಯ ಮೇಲೆ ಕೂರಿಸಿದರು. "ನೀ ಕುಂದ್ರು. ಉಳದದ್ದು ನಾ ಹಾಕತೀನಿ." ಹರಕೆಯ ಹೊರೆಯನ್ನು ಒಡಹುಟ್ಟಿದವರು ಹಂಚಿಕೊಳ್ಳಬಹುದು, ಇದು ನಮ್ಮಲ್ಲಿ ಇರುವ ರೂಢಿಯೇ. ಸಂಜೆಗೆ ಎದುರುಮನೆಯ ಸೊಸೆ ಬಂದಳು. "ಮಾಮಾಗ ನಂದೂ ಒಂದೀಟು ಇರಲಿ," ಎಂದು ಸೆರಗು ಸಿಕ್ಕಿಸಿದಳು. ಅವಳ ಹಿಂದೆ ಓಣಿ ಬಂತು. ಮಿಲ್ಲಿನ ಹಮಾಲರು ರಜೆಯ ದಿನ ಸಿರುಗುಪ್ಪದಿಂದ ಆಟೋ ಮಾಡಿಕೊಂಡು ಬಂದು ಸುತ್ತಿ, ನಮ್ಮ ಮನೆಯಲ್ಲಿ ಚಹಾ ಕುಡಿದು ಹೋದರು. ನಾಲ್ಕನೇ ವಾರದ ಹೊತ್ತಿಗೆ ಗುಡಿಯ ಸುತ್ತ ಜನ ಗಾಣದ ಎತ್ತಿನ ಹಾಗೆ ತಿರುಗುತ್ತಿದ್ದರು. ನಮ್ಮವರು ಟವೆಲ್ ಹಾಸಿಕೊಂಡು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ನಾನು ಎಬ್ಬಿಸಲು ಹೋದರೆ ಹತ್ತು ಜನ ನನ್ನ ಮೇಲೆ ಬರುತ್ತಿದ್ದರು.

"ಅಷ್ಟು ಮಂದಿ ಪ್ರೀತಿಲೆ ಮಾಡಾಕತ್ಯಾರ. ಬ್ಯಾಡನ್ನಾಕ ಹೆಂಗ ಬರತೈತಿ?" ಎಂದರು ನಮ್ಮವರು ನನಗೆ. ಅವರಿಗೂ ಕೂರುವುದು ಹಿತವಾಗಿತ್ತು. ಎದುರುಮನೆಯ ಸೊಸೆಗೆ ಮಂಡಿನೋವು ಹೋಯಿತು. ಒಬ್ಬ ಹಮಾಲಿಗೆ ಸಕ್ಕರೆ ಕಾಯಿಲೆ ಹತೋಟಿಗೆ ಬಂತಂತೆ.

ಆರು ವಾರಕ್ಕೆ ಬಳ್ಳಾರಿಗೆ ಹೋದೆವು, ಅಕ್ಕನೂ ಬಂದರು. ಫಿಸಿಯೋಥೆರಪಿ ಹುಡುಗಿ ಕೇಳಿದಳು, "ದಿನಾ ನಡೆದ್ರಾ?"

"ನಡದಾರ್ರಿ," ಎಂದರು ಅಕ್ಕ.

"ಯಾರು?"

"ಎಲ್ಲಾರೂ."

ಹುಡುಗಿ ನನ್ನ ಕಡೆ ನೋಡಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ನಗಲಿಲ್ಲ. ಅಕ್ಕನನ್ನೇ ಕೇಳಿದಳು, "ಅಮ್ಮಾ, ಇವರ ಊಟ ನೀವು ಮಾಡಿದ್ರೆ ಇವರ ಹೊಟ್ಟೆ ತುಂಬುತ್ತಾ?"

"ಊಟ ಬ್ಯಾರೆ, ಪುಣ್ಯೇವು ಬ್ಯಾರೆ," ಎಂದರು ಅಕ್ಕ. ಹುಡುಗಿ ನಮ್ಮವರನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದಳು.

ನಮ್ಮವರು ಹತ್ತಿದರು. ಮೊದಲ ತಿರುವಿನಲ್ಲಿ ಕಂಬಿ ಹಿಡಿದರು. ಅದರ ಮೇಲೆ ಇನ್ನೊಂದು ನಾಲ್ಕು ಮೆಟ್ಟಿಲಿಗೆ ಕೂತೇಬಿಟ್ಟರು. ತುಟಿ ನೀಲಿಯಾಗಿತ್ತು. ಕೆಳಗೆ ನಿಂತಿದ್ದ ಅಕ್ಕನಿಗೆ ಅದು ಕಂಡಿತು. ಊರಲ್ಲಿ ತಮ್ಮ ಕಟ್ಟೆಯ ಮೇಲೆ ಕೂತಿರುವುದನ್ನು ಅವರು ನೋಡಿದ್ದರು, ಏಳಲಾಗದೆ ಕೂತಿರುವುದನ್ನು ನೋಡಿರಲಿಲ್ಲ.

ಡಾಕ್ಟರು ಬೈಯಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. "ಇನ್ನು ಎರಡು ವಾರ. ಅದಕ್ಕಿಂತ ಹೆಚ್ಚು ಬಿಡೋ ಹಂಗಿಲ್ಲ, ಗಡ್ಡೆ ಮತ್ತೆ ಬೆಳೆಯುತ್ತೆ," ಎಂದರು.

ಬಸ್ಸು ಕೋಳೂರು ದಾಟಿತು. ಅಕ್ಕ ನನ್ನನ್ನು ಕೇಳಿದರು, "ಹಂಗಾರ ನಾವು ಸುತ್ತಿದ್ದು ಅವಂಗ ಹತ್ತಲೇ ಇಲ್ಲಾ?"

"ಕಾಲಿಗೆ ಹತ್ತಲಿಲ್ಲಕ್ಕ," ಎಂದೆ.

"ನನ್ನ ಕಾಲಿಗೆ ಹತ್ತೇತಿ," ಎಂದರು. ಅವರಿಗೆ ಅರವತ್ತು ದಾಟಿತ್ತು. ಆ ಒಂದು ತಿಂಗಳಲ್ಲಿ ಅವರ ನಡಿಗೆ ನಿಜವಾಗಿಯೂ ಚುರುಕಾಗಿತ್ತು. ಅದನ್ನು ಅವರು ಹೇಳಿದ ದನಿ, ಯಾರದೋ ವಸ್ತು ತಮ್ಮ ಮನೆಯಲ್ಲಿ ಸಿಕ್ಕವರ ದನಿಯ ಹಾಗಿತ್ತು.

ಈಗ ತೊಂದರೆ ಏನೆಂದರೆ, ಜನರನ್ನು ನಿಲ್ಲಿಸುವಂತಿರಲಿಲ್ಲ. ಹರಕೆಯಲ್ಲಿ ಪಾಲು ಹಿಡಿದವರು ನಡುವೆ ಬಿಟ್ಟರೆ ಅವರ ಮನೆಗೆ ಕೇಡು ಎಂಬ ಭಯ. ಇದು ಹರಕೆಯೇ ಅಲ್ಲ ಎಂದರೆ ಇಷ್ಟು ದಿನ ಸುತ್ತಿದವರಿಗೆ ಮೋಸ ಮಾಡಿದ ಹಾಗೆ. ನಾನು ಮೂರು ದಾರಿ ಯೋಚಿಸಿದೆ, ಮೂರರಲ್ಲೂ ಜಗಳವಿತ್ತು. ಅಕ್ಕ ಯೋಚಿಸಲಿಲ್ಲ. ಮರುದಿನ ಬೆಳಿಗ್ಗೆ ಗುಡಿಯ ಮುಂದೆ ಕೈ ಅಡ್ಡ ಹಿಡಿದು ನಿಂತರು.

"ಎಲ್ಲಾರೂ ಕೇಳ್ರಿ. ಎಲ್ಲಾರೂ ಸುತ್ತಬೇಕು, ಯಾರೂ ಬಿಡಾಂಗಿಲ್ಲ. ಆದರ ಹರಕಿ ಹೊತ್ತಾಂವ ಮುಂದ ಇರಬೇಕು. ಅವನ್ನ ದಾಟಿ ಯಾರೂ ಹೋಗಬಾರದು. ಪಲ್ಲಕ್ಕಿ ದಾಟಿ ಯಾರನ ಹೋಗತೀರೇನು?"

ಪೂಜಾರಿ ಒಳಗಿನಿಂದ ಬಗ್ಗಿ ನೋಡಿ, "ಅದು ಖರೇ ಮಾತು," ಎಂದ. ಸುತ್ತುವವರ ಗಾಳಿಗೆ ಅವನ ದೀಪಗಳೂ ಆರುತ್ತಿದ್ದವು.

ನಮ್ಮವರು ಮುಂದೆ, ಊರು ಹಿಂದೆ. ಒಂದು ಸುತ್ತಿಗೆ ಅವರು ಕಟ್ಟೆಯ ಮೇಲೆ ಕೂತರು. ಹಿಂದಿನವರೆಲ್ಲ ನಿಂತರು. ಸ್ವಲ್ಪ ಹೊತ್ತಿಗೆ ಸಾಲಿನ ಹಿಂದಿನಿಂದ ಒಬ್ಬ, "ಏಳಲೇ ಮಾರಾಯಾ, ನಂದು ನೀರಿನ ಸರದಿ ಐತಿ, ತೂಬು ತೆಗದು ಬಂದೀನಿ," ಎಂದ.

"ಉಸರು ಹಿಡಿತೈತಲೇ," ಎಂದರು ನಮ್ಮವರು.

"ಮಾತಾಡಾಕ ಬರತೈತಲ್ಲ, ಅಂದ್ರ ನಡಿಯಾಕ ಬರತೈತಿ. ನಿನ್ನ ಹೇಣ್ತೀನಾ ಹೇಳ್ಯಾಳ."

"ನನ್ನ ಹಾಲು ಒಲಿ ಮ್ಯಾಲೆ ಐತ್ರೀ ಮಾಮಾ," ಎಂದಳು ಎದುರುಮನೆಯ ಸೊಸೆ.

ಅವರು ಎದ್ದು ನಡೆದರು. ಸಾಲು ನಡೆಯಿತು. ಅಷ್ಟು ಜನರ ಕೆಲಸ ತಮ್ಮಿಂದ ನಿಂತಿದೆ ಎಂಬುದನ್ನು ಅವರಿಂದ ಸಹಿಸಲಾಗಲಿಲ್ಲ. ಮಿಲ್ಲಿನಲ್ಲೂ ಹಾಗೇ ಇದ್ದರು, ಬೆಲ್ಟು ಕಡಿದು ಭತ್ತದ ಗಾಡಿಗಳು ನಿಂತರೆ ಊಟ ಬಿಟ್ಟು ಏಳುತ್ತಿದ್ದರು. ನಾನು ಆರು ವಾರ ಬೇಡಿಕೊಂಡರೂ ಆಗದ್ದು ಒಂದು ಪಾತ್ರೆ ಹಾಲಿನಿಂದ ಆಯಿತು. ಕೂತರೆ ಬೈಗುಳ, ಎದ್ದರೆ ನಗು. "ಎತ್ತು ಮುದೇದು, ಬಂಡಿ ಜೋರೈತಿ," ಎಂದು ಒಬ್ಬ ಅಂದರೆ ನಮ್ಮವರು ತಿರುಗದೆಯೇ, "ಎತ್ತಿನ ಹಿಂದ ಬರಾವ್ಗ ಏನು ಸಿಗತೈತಿ ಗೊತ್ತೈತಿಲ್ಲೋ," ಎನ್ನುವರು. ಎರಡನೇ ವಾರಕ್ಕೆ ಹಿಂದಿನವರೇ, "ಸಾವಕಾಶ ಹೋಗಲೇ," ಎನ್ನತೊಡಗಿದರು. ಮೊಟ್ಟೆಯ ವಿಷಯವನ್ನು ನಾನು ಅಕ್ಕನಿಗೆ ಹೇಳಿದೆ. ಅವರು ಗೋಡೆಯ ಕಡೆ ತಿರುಗಿ, "ನಾ ಹಿತ್ತಲಕ್ಕ ಹೋಗಿರ್ತೀನಿ, ನೀ ತಿನ್ನಸು," ಎಂದರು. ದಿನಾ ಆ ಹೊತ್ತಿಗೆ ಹಿತ್ತಲಿಗೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದರು.

ಮತ್ತೆ ಬಳ್ಳಾರಿ, ಮತ್ತೆ ಅದೇ ಮೆಟ್ಟಿಲು. ಈ ಸಲ ಅಕ್ಕ ಕೆಳಗೆ ನಿಲ್ಲಲಿಲ್ಲ. ತಮ್ಮನ ಹಿಂದೆ ಹತ್ತಿದರು, ಎರಡೂ ಕೈ ಅಗಲಿಸಿ. ಊಟದ ಡಬ್ಬಿ ಹಿಡಿದವರು, ರಕ್ತದ ಸೀಸೆ ಹಿಡಿದವರು, ಎಲ್ಲರೂ ಹಿಂದೆ ನಿಲ್ಲಬೇಕಾಯಿತು. "ಮುಂದ ಹೋಗಬ್ಯಾಡ್ರಿ, ದಾಟಬಾರದು."

"ಯಾರಮ್ಮಾ ಅವರು, ಎಮ್ಮೆಲ್ಯೆನಾ?" ಎಂದು ಒಬ್ಬಾತ ಕೇಳಿದ.

"ನನ್ನ ತಮ್ಮ," ಎಂದರು ಅಕ್ಕ.

ಮೂರನೇ ಅಂತಸ್ತಿನಲ್ಲಿ ನಮ್ಮವರು ನಿಂತಾಗ ಅವರ ಹಿಂದೆ ಮೆಟ್ಟಿಲ ತುಂಬ ಜನ. ತೇಕುತ್ತಿದ್ದರು, ಆದರೆ ತುಟಿ ನೀಲಿಯಾಗಿರಲಿಲ್ಲ. ಫಿಸಿಯೋಥೆರಪಿ ಹುಡುಗಿ ಬೆರಳಿಗೆ ಕ್ಲಿಪ್ಪು ಹಾಕಿ ನೋಡಿ, ತಲೆ ಆಡಿಸಿದಳು. ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟರು.

ಆಪರೇಷನ್ ಇಡೀ ದಿನ ಆಯಿತು. ಅನ್ನನಾಳ ತೆಗೆದು ಹೊಟ್ಟೆಯ ಚೀಲವನ್ನೇ ಮೇಲಕ್ಕೆ ಎಳೆದು ಜೋಡಿಸಿದರಂತೆ. ಮರುದಿನವೇ ಎದೆಗೆ ನಳಿಗೆ, ಮೂಗಿಗೆ ನಳಿಗೆ ಇರುವಾಗಲೇ ಎಬ್ಬಿಸಿ ನಿಲ್ಲಿಸಿದರು. ಕೆಮ್ಮಬೇಕು ಎಂದರು, ನಮ್ಮವರು ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡು ಕೆಮ್ಮಿದರು. ಪಕ್ಕದ ಮಂಚದ ರೂಪನಗುಡಿಯ ರೋಗಿಯನ್ನು ಅವನ ಮನೆಯವರು ಹೊದಿಸಿ ಮಲಗಿಸಿದ್ದರು. ಅಕ್ಕ ಹೋಗಿ ಹೊದಿಕೆ ತೆಗೆದು, "ಎಬ್ಬಸ್ರೀ ಅವನ್ನ. ನೀವು ಎಷ್ಟು ನಡದ್ರೂ ಅವಂಗ ಹತ್ತಂಗಿಲ್ಲ, ನಾವು ಮಾಡಿ ನೋಡೀವಿ," ಎಂದರು.

ಏನು ಬಂತು ಎಂದು ಕೇಳುತ್ತಾರಲ್ಲ, ಇದು ಬಂತು: ಸ್ವಲ್ಪ ಸ್ವಲ್ಪ, ಕೂತುಕೊಂಡು, ಅಗಿದು ಅಗಿದು, ಅವರು ಅನ್ನ ಉಂಡರು. ಮಂಡಕ್ಕಿ ವಗ್ಗರಣಿ ತಿಂದರು, ಮಿರ್ಚಿಯ ಮೇಲಿನ ಹಿಟ್ಟಷ್ಟೇ ತಿಂದು ಮೆಣಸಿನಕಾಯಿ ನನ್ನ ತಟ್ಟೆಗೆ ಹಾಕಿದರು. ಮಿಲ್ಲಿಗೆ ಹೋಗಿ ಕುರ್ಚಿ ಹಾಕಿಕೊಂಡು ಹೊಸ ಆಪರೇಟರಿಗೆ ತಪ್ಪು ಹುಡುಕಿದರು. ಎರಡು ಬೆಳೆಯ ಭತ್ತ ಅವರ ಕಣ್ಣೆದುರು ಅಕ್ಕಿಯಾಯಿತು. ನನ್ನ ರೊಟ್ಟಿ ಗಟ್ಟಿಯಾಗಿದೆ ಎಂದು ಮತ್ತೆ ಬೈದರು.

ಆಮೇಲೆ ಕ್ಯಾನ್ಸರ್ ಲಿವರಿನಲ್ಲಿ ಬಂತು. ಇನ್ನು ಕೊಯ್ಯುವುದು ಏನೂ ಇಲ್ಲ ಎಂದು ಡಾಕ್ಟರು ಹೇಳಿದರು. ಮೆಟ್ಟಿಲು ಹತ್ತು ಎಂದೂ ಹೇಳಲಿಲ್ಲ. "ಹೇಗೆ ಬೇಕೋ ಹಾಗಿರಿ," ಎಂದರು. ಅವರು ರೀ ಹಚ್ಚಿದ್ದು ಅದೇ ಮೊದಲು. ನಮ್ಮವರಿಗೆ ಅದರಿಂದಲೇ ತಿಳಿಯಿತು.

ಕೆಳಗೆ ಬಂದಾಗ ಆ ಹುಡುಗಿ ಕೋಣೆಯಿಂದ ಹೊರಗೆ ಬಂದು ನಮ್ಮನ್ನು ಕೂರಿಸಿದಳು. "ಈಗ ನಿಮಗೆ ಏನು ಮಾಡೋಕೆ ಆಗಬೇಕು ಅನ್ಸುತ್ತೆ?" ಎಂದು ಕೇಳಿದಳು. ಇನ್ನು ಅಂಥ ಪ್ರಶ್ನೆ ಯಾರಾದರೂ ಕೇಳುತ್ತಾರೆಂದು ನಾನು ತಿಳಿದಿರಲಿಲ್ಲ. ನಮ್ಮವರು ಮಿಲ್ಲಿನ ಹೆಸರು ಹೇಳುತ್ತಾರೆ ಎಂದುಕೊಂಡೆ.

"ಬಚ್ಚಲಕ್ಕ ನಾನಾ ಹೋಗಿ ಬರಬೇಕು," ಎಂದರು.

ಅವಳು ಅದನ್ನು ದೊಡ್ಡ ಕೆಲಸ ಎಂಬಂತೆಯೇ ತೆಗೆದುಕೊಂಡಳು. ಮಗ್ಗುಲಿಗೆ ತಿರುಗಿ ಮೊಣಕೈ ಊರಿ ಏಳುವುದು, ಎದ್ದಕೂಡಲೇ ನಿಲ್ಲದೆ ಸ್ವಲ್ಪ ಕೂರುವುದು, ದಾರಿಯ ನಡುವೆ ಒಂದು ಕುರ್ಚಿ ಇಡುವುದು, ಬಚ್ಚಲ ಬಾಗಿಲಿಗೆ ಕಟ್ಟಿಗೆಯ ಹಿಡಿ ಹೊಡೆಸುವುದು ಎಲ್ಲ ತೋರಿಸಿದಳು. ಆಮೇಲೆ ನನ್ನ ಮತ್ತು ಅಕ್ಕನ ಕಡೆ ತಿರುಗಿ, "ಅವರು ಕರೆಯೋವರೆಗೆ ನೀವು ಮುಟ್ಟಬಾರದು. ಹತ್ತಿರ ಇರಿ, ಮುಟ್ಟಬೇಡಿ," ಎಂದಳು.

ಅದುವರೆಗೆ ಆಸ್ಪತ್ರೆಯವರು ಹೇಳಿದ್ದರಲ್ಲಿ ಇದೇ ಕಷ್ಟದ್ದಾಗಿತ್ತು. ಮಂಚದಿಂದ ಬಚ್ಚಲಿಗೆ ನಮ್ಮ ಮನೆಯಲ್ಲಿ ದೂರವೇನಿಲ್ಲ, ಹೊಲಿಗೆ ಮಿಷನ್ ದಾಟಿದರೆ ಆಯಿತು. ಅವರು ಅದಕ್ಕೆ ಒಂದು ಪಂಚಾಯಿತಿ ಮುಗಿಯುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದರು. ಅಕ್ಕ ತಮ್ಮ ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತಿರುತ್ತಿದ್ದರು. ನಾನು ಮಿಷನ್ನಿನ ಮುಂದೆ ಕೂತು, ದಾರ ಹಾಕದೆ ಪೆಡಲು ತುಳಿಯುತ್ತಿದ್ದೆ. ಸದ್ದು ನಿಂತರೆ ನಾನು ನೋಡುತ್ತಿದ್ದೇನೆ ಎಂದು ಅವರಿಗೆ ಗೊತ್ತಾಗುತ್ತಿತ್ತು.

ಒಂದು ಸಲ ನೋಡಲು ಬಂದ ನೆಂಟನೊಬ್ಬ ಧಡಕ್ಕನೆ ಎದ್ದು ಅವರ ರಟ್ಟೆಗೆ ಕೈ ಹಾಕಲು ಹೋದ.

"ಕುಂದ್ರಲೇ!" ಎಂದರು ಅಕ್ಕ.

ಅವನು ಕೂತ. ಎದುರಿಗಿದ್ದ ಬ್ರೆಡ್ಡಿನ ಪೊಟ್ಟಣ ನೋಡುತ್ತ, "ಏನು ಮಂದಿನೋ ನೀವು," ಎಂದ.

ಕೊನೆಯ ಸಲ ಅವರು ಬಚ್ಚಲಿಗೆ ಹೋದದ್ದು ಒಂದು ಮಧ್ಯಾಹ್ನ. ನಡುವಿನ ಕುರ್ಚಿಯಲ್ಲಿ ಕೂತರು, ಎದ್ದರು. ಹಿಡಿ ಹಿಡಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕ ಹಾಕಿದ ಸದ್ದೂ ಕೇಳಿತು. ಚಿಲಕ ಹಾಕಬೇಡಿ ಎಂದು ನಾವು ಹೇಳಿದ್ದೆವು. ಅಕ್ಕ ನನ್ನನ್ನು ನೋಡಿದರು, ನಾನು ಅಕ್ಕನನ್ನು ನೋಡಿದೆ. ಇಬ್ಬರೂ ಏಳಲಿಲ್ಲ. ಚೊಂಬಿನಿಂದ ನೀರು ಹಾಕಿಕೊಳ್ಳುವ ಸದ್ದು ಬಂತು. ಆಮೇಲೆ ಏನೂ ಇಲ್ಲ. ಆಮೇಲೆ ಮತ್ತೆ ನೀರು.

ಚಿಲಕ ತೆಗೆದು ಹೊರಗೆ ಬಂದರು. ಪಂಚೆ ಸರಿಯಾಗಿ ಉಟ್ಟುಕೊಂಡಿದ್ದರು.

"ಮಿಷನ್ ಯಾಕ ನಿಲ್ಲಿಸಿದಿ?" ಎಂದು ನನ್ನನ್ನು ಕೇಳಿದರು. ನಾನು ತುಳಿದೆ. ಅವರು ನಮ್ಮಿಬ್ಬರ ನಡುವೆ ಹಾದು, ಯಾರನ್ನೂ ಮುಟ್ಟದೆ, ಮಂಚಕ್ಕೆ ಹೋಗಿ ಮಲಗಿದರು.